ಬರೆದವರೇ ಹೊತ್ತು ಮಾರಿದ ಕಾದಂಬರಿ

ವರದಾ ನದಿ ತುಂಗಭದ್ರೆಯನ್ನು ಕೂಡುವ ಎಡೆಯಲ್ಲಿ, ಹಾವೇರಿ ತಾಲ್ಲೂಕಿನಲ್ಲಿ, ಗಳಗನಾಥ ಎಂಬ ಪುಟ್ಟ ಊರಿದೆ. ಅಲ್ಲಿಗೆ ಹೋಗುವವರು ಹೆಚ್ಚಾಗಿ ಗಳಗೇಶ್ವರನ ಹಳೆಯ ಗುಡಿಯನ್ನು ನೋಡಲು ಹೋಗುತ್ತಾರೆ. ಆ ಊರಿನ ಹೆಸರನ್ನೇ ತಮ್ಮ ಹೆಸರಾಗಿಸಿಕೊಂಡ ವೆಂಕಟೇಶ ತಿರಕೋ ಕುಲಕರ್ಣಿ ಎಂಬ ಕನ್ನಡ ಸಾಲಿ ಮಾಸ್ತರರು ಮುಂದೆ ‘ಕಾದಂಬರಿ ಪಿತಾಮಹ’ ಎನ್ನಿಸಿಕೊಂಡದ್ದು ಸಾಹಿತ್ಯ ಚರಿತ್ರೆ ಓದಿದ ವಿದ್ಯಾರ್ಥಿಗಳಿಗೆ ಗೊತ್ತು. ಆದರೆ ಅವರ ಕಾದಂಬರಿಗಳನ್ನು ಓದದವರಿಗೂ ಗೊತ್ತಿರುವ ಚಿತ್ರ ಬೇರೆಯೇ ಇದೆ. ತಾವೇ ಬರೆದು, ತಾವೇ ಅಚ್ಚು ಹಾಕಿಸಿದ ಪುಸ್ತಕಗಳ ಗಂಟನ್ನು ಹೊತ್ತುಕೊಂಡು ಊರಿಂದೂರಿಗೆ, ಮನೆಯಿಂದ ಮನೆಗೆ ನಡೆದು ಮಾರುತ್ತಿದ್ದ ಗಳಗನಾಥರ ಚಿತ್ರ ಅದು.

ಸಾಹಿತ್ಯದ ಸಭೆಗಳಲ್ಲಿ ಈ ಸಂಗತಿಯನ್ನು ಮರುಕದಿಂದ ಹೇಳುವುದು ವಾಡಿಕೆ. ಅಷ್ಟು ದೊಡ್ಡ ಲೇಖಕರು ತಲೆಹೊರೆ ಹೊರಬೇಕಾಯಿತಲ್ಲ ಎಂದು ಸಭಿಕರೂ ಲೊಚಗುಟ್ಟುತ್ತಾರೆ. ಆದರೆ ಗಳಗನಾಥರ ಕೆಲಸದಲ್ಲಿ ಅರ್ಧ ಪಾಲು ಇದ್ದದ್ದು ಆ ಗಂಟಿನಲ್ಲೇ. ಅದನ್ನು ಬಿಟ್ಟು ಬರಿಯ ಬರವಣಿಗೆಯನ್ನಷ್ಟೇ ಹೊಗಳಿದರೆ ಅವರಿಗೆ ನ್ಯಾಯ ಸಲ್ಲಿಸಿದಂತಾಗುವುದಿಲ್ಲ.

ಈ ಹಳೆಯ ಕಥೆ ಇಂದಿನ ಮನೆಗಳಿಗೂ ಸಂಬಂಧಪಟ್ಟದ್ದು. ಪದವಿ ಓದುವ ಹುಡುಗನೋ ಹುಡುಗಿಯೋ ಎರಡು ವರ್ಷ ಕೂತು ಒಂದು ಕಾದಂಬರಿ ಬರೆದಿದೆ ಎನ್ನಿ. ಮೂರು ಪ್ರಕಾಶಕರಿಗೆ ಕಳಿಸಿದ್ದಾಯಿತು. ಒಬ್ಬರು ‘ಈಗ ಕಾದಂಬರಿ ತೆಗೆದುಕೊಳ್ಳುತ್ತಿಲ್ಲ’ ಎಂದರು, ಇಬ್ಬರು ಉತ್ತರವನ್ನೇ ಬರೆಯಲಿಲ್ಲ. ಕೊನೆಗೆ ಒಂದು ರಾತ್ರಿ ಊಟದ ಹೊತ್ತಿಗೆ ಮಾತು ಬರುತ್ತದೆ: “ಅಪ್ಪಾ, ಐವತ್ತು ಅರವತ್ತು ಸಾವಿರ ಇದ್ರೆ ನಾನೇ ಪ್ರಿಂಟ್ ಮಾಡಿಸಬಹುದು.” ಅಪ್ಪ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಮಾಡಿಸಿದ ಮೇಲೆ ಮಾರೋರು ಯಾರು?”

ಮಕ್ಕಳಿಗೆ ಇದು ತಣ್ಣೀರು ಎರಚಿದಂತೆ ಕೇಳಿಸುತ್ತದೆ. ಆದರೆ ಇಡೀ ವಿಷಯದಲ್ಲಿ ಸರಿಯಾದ ಪ್ರಶ್ನೆ ಇದೇ. ಕನ್ನಡದಲ್ಲಿ ಇದಕ್ಕೆ ಉತ್ತರ ಕೊಟ್ಟುಕೊಂಡವರು ನೂರು ವರ್ಷಕ್ಕೂ ಹಿಂದೆಯೇ ಇದ್ದರು.

ಓದುಗರನ್ನೇ ಮೊದಲು ಮಾಡಬೇಕಿತ್ತು

ಗಳಗನಾಥರು ಹುಟ್ಟಿದ್ದು 1869ರಲ್ಲಿ. ಧಾರವಾಡದಲ್ಲಿ ಶಿಕ್ಷಕ ತರಬೇತಿ ಮುಗಿಸಿ ಶಾಲೆಗಳಲ್ಲಿ ಪಾಠ ಹೇಳುತ್ತಿದ್ದರು. ಆಗ ಆ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮನೆಯಲ್ಲಿ ಕನ್ನಡ ಆಡುವವರು ಕೂಡ ಓದು ಬರಹಕ್ಕೆ ಮರಾಠಿಯನ್ನು ಹಿಡಿಯುತ್ತಿದ್ದ ದಿನಗಳು ಅವು. ಕಾದಂಬರಿಯ ರುಚಿ ಹತ್ತಿದವರಿಗೆ ಹರಿ ನಾರಾಯಣ ಆಪ್ಟೆಯವರ ಮರಾಠಿ ಪುಸ್ತಕಗಳು ಕೈಗೆಟುಕುವಂತಿದ್ದವು, ಕನ್ನಡದಲ್ಲಿ ಅಂಥದ್ದು ಹುಡುಕಿದರೂ ಸಿಗುತ್ತಿರಲಿಲ್ಲ. ಈ ಕೊರತೆಯನ್ನು ನೀಗಬೇಕೆಂದೇ 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಒಳ್ಳೆಯ ಕನ್ನಡ ಪುಸ್ತಕ ಬರೆದವರಿಗೆ ಸಂಘ ಬಹುಮಾನ ಕೊಡುತ್ತಿತ್ತು. ಗಳಗನಾಥರ ಮೊದಲ ಕಾದಂಬರಿ, 1898ರ ‘ಪ್ರಬುದ್ಧ ಪದ್ಮನಯನೆ’, ಆ ಬಹುಮಾನವನ್ನು ಪಡೆಯಿತು.

ಬಹುಮಾನವೇನೋ ಬಂತು. ಓದುಗರು ಎಂಬ ಜನ ಮಾತ್ರ ಇನ್ನೂ ತಯಾರಾಗಬೇಕಿತ್ತು. ಇದಕ್ಕೆ ಅವರು ಹಿಡಿದ ದಾರಿ ಪತ್ರಿಕೆಯದು. 1907ರಲ್ಲಿ ಅಗಡಿಯ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ಹೊರಟಿತು, ಗಳಗನಾಥರು ಅದರ ಬೆನ್ನೆಲುಬಾದರು. ಅದರಲ್ಲಿ ಕಾದಂಬರಿ ತಿಂಗಳು ತಿಂಗಳು ಕಂತುಗಳಲ್ಲಿ ಬರುತ್ತಿತ್ತು, ಬಳಿಕ ಪುಸ್ತಕವಾಗುತ್ತಿತ್ತು. ಈ ಏರ್ಪಾಡಿನ ಜಾಣತನವನ್ನು ಇಂದಿನವರು ಗಮನಿಸಬೇಕು. ವರ್ಷದ ಚಂದಾ ಮೊದಲೇ ಕೈಸೇರಿದರೆ ಕಾಗದ ಕೊಳ್ಳಲು ಸಾಲ ಮಾಡಬೇಕಾಗಿಲ್ಲ. ಕಂತು ಓದಿದವರು ಮುಂದೇನಾಯಿತೆಂದು ಕಾಯುತ್ತಾರೆ. ಪುಸ್ತಕ ಹೊರಬರುವ ಹೊತ್ತಿಗೆ ಅದನ್ನು ಯಾರು ಯಾರು ಕೊಳ್ಳಬಹುದೆಂಬ ಪಟ್ಟಿ, ವಿಳಾಸಗಳ ಸಮೇತ, ಚಂದಾದಾರರ ಪುಸ್ತಕದಲ್ಲೇ ಸಿದ್ಧವಿರುತ್ತದೆ. ಮುಂದೆ ಅವರು ‘ಸದ್ಗುರು’ ಎಂಬ ಪತ್ರಿಕೆಯನ್ನೂ ನಡೆಸಿದರು. ಇಪ್ಪತ್ತಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಆಪ್ಟೆಯವರ ಕಾದಂಬರಿಯನ್ನು ‘ಕನ್ನಡಿಗರ ಕರ್ಮಕಥೆ’ಯಾಗಿ ಕನ್ನಡಕ್ಕೆ ತಂದರು. 1923ರ ‘ಮಾಧವ ಕರುಣಾ ವಿಲಾಸ’ದಲ್ಲಿ ವಿಜಯನಗರದ ಹುಟ್ಟಿನ ಕಥೆಯನ್ನು ಸ್ವತಂತ್ರವಾಗಿ ಹೇಳಿದರು.

ಇಂದಿನ ಓದುಗರಿಗೆ ಅವರ ಪುಸ್ತಕಗಳಲ್ಲಿ ಉಪದೇಶ ಸ್ವಲ್ಪ ಜಾಸ್ತಿಯಾಯಿತು ಎನ್ನಿಸೀತು. ಅದೂ ಒಂದು ಬಗೆಯಲ್ಲಿ ಬಾಗಿಲ ಮುಂದೆ ನಿಂತು ಮಾರಿದ್ದರ ಗುರುತು. ಕಾದಂಬರಿ ಎಂದರೆ ಮಕ್ಕಳು ಕೆಡುತ್ತಾರೆ ಎಂದು ನಂಬಿದ್ದ ಮನೆಯ ಯಜಮಾನರಿಗೆ ‘ಇದನ್ನು ನಿಮ್ಮ ಮನೆಯ ಹೆಣ್ಣುಮಕ್ಕಳೂ ಓದಬಹುದು’ ಎಂಬ ಭರವಸೆ ಬೇಕಿತ್ತು. ನಡುಮನೆಯವರೆಗೆ ಕನ್ನಡ ಕಾದಂಬರಿ ಹೋದದ್ದು ಆ ಭರವಸೆಯ ಬಲದಿಂದ. ಅಂಗಡಿಗೆ ಬರುವ ಗಿರಾಕಿಗೆ ಪುಸ್ತಕ ಮಾರುವುದು ಒಂದು ತೆರ. ಪುಸ್ತಕ ಕೊಂಡೇ ಗೊತ್ತಿಲ್ಲದ ಮನೆಗೆ ಮೊದಲನೆಯ ಪುಸ್ತಕ ಮುಟ್ಟಿಸುವುದು ಬೇರೆಯೇ ಮಾತು, ಅದನ್ನು ಅಂಚೆಯಾಗಲಿ ಅಂಗಡಿಯಾಗಲಿ ಮಾಡಿಕೊಡದು.

ಇದರ ಇನ್ನೊಂದು ಮಗ್ಗುಲನ್ನು ವಿದ್ಯಾರ್ಥಿಗಳಿಂದ ಮುಚ್ಚಿಡಬಾರದು. ಇಷ್ಟೆಲ್ಲ ದುಡಿದರೂ ಗಳಗನಾಥರ ಮನೆಯ ಬಡತನ ಹೋಗಲಿಲ್ಲ. 1942ರಲ್ಲಿ ಅವರು ತೀರಿಕೊಂಡಾಗ ಬಿಟ್ಟುಹೋದದ್ದು ಪುಸ್ತಕಗಳನ್ನು ಮತ್ತು ಅವನ್ನು ಓದಿ ಬೆಳೆದ ಒಂದು ಪೀಳಿಗೆಯನ್ನು. ಆಸ್ತಿಯೆನ್ನುವಂಥದ್ದೇನೂ ಇರಲಿಲ್ಲ. ಅವರ ಸಮಕಾಲೀನರಾದ ಕೆರೂರ ವಾಸುದೇವಾಚಾರ್ಯರು ವಕೀಲರು. ಬಂಗಾಳಿಯಿಂದ ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದ ಬಿ. ವೆಂಕಟಾಚಾರ್ಯರು ಮೈಸೂರಿನಲ್ಲಿ ಮುನ್ಸೀಫರು. ಅವರಿಗಿದ್ದ ಈ ಆಸರೆ ಮಾಸ್ತರಿಕೆ ಬಿಟ್ಟು ಬರವಣಿಗೆಗೆ ಇಳಿದ ಗಳಗನಾಥರಿಗೆ ಇರಲಿಲ್ಲ.

ನಂಜನಗೂಡಿನ ಗ್ರಂಥಮಾಲೆ

ಮನೆ ಮನೆ ತಿರುಗಲು ಗಂಡಸಿಗೆ ಸಂಕೋಚವಾದರೆ, ಹೊಸ್ತಿಲು ದಾಟುವುದೇ ಕಷ್ಟವಾಗಿದ್ದ ಹೆಣ್ಣುಮಗಳು ಏನು ಮಾಡಬೇಕು? ನಂಜನಗೂಡು ತಿರುಮಲಾಂಬಾ ಅವರ ಕಥೆ ಇದು. 1887ರಲ್ಲಿ ಹುಟ್ಟಿದ ಅವರಿಗೆ ಬಾಲ್ಯದಲ್ಲೇ ಮದುವೆಯಾಗಿ, ಹದಿನಾಲ್ಕರ ವಯಸ್ಸಿಗೆ ವೈಧವ್ಯ ಬಂತು. ಆ ಕಾಲದಲ್ಲಿ ಅಂಥ ಹುಡುಗಿಗೆ ಉಳಿಯುತ್ತಿದ್ದದ್ದು ಅಡುಗೆಮನೆಯ ಮೂಲೆ. ತಿರುಮಲಾಂಬಾ ಅವರ ತಂದೆ ವೆಂಕಟಕೃಷ್ಣ ಅಯ್ಯಂಗಾರ್ಯರು ವಕೀಲರು. ಅವರು ಮಗಳ ಓದನ್ನು ನಿಲ್ಲಿಸಲಿಲ್ಲ, ಮನೆಯಲ್ಲೇ ಮುಂದುವರಿಯಲು ಬಿಟ್ಟರು.

ಆ ಮಗಳು 1913ರಲ್ಲಿ ‘ಸತೀ ಹಿತೈಷಿಣೀ’ ಎಂಬ ತಮ್ಮದೇ ಗ್ರಂಥಮಾಲೆಯನ್ನು ಹೂಡಿ ‘ಸುಶೀಲೆ’ ಕಾದಂಬರಿಯನ್ನು ಹೊರತಂದರು. ಬಿಡಿ ಪುಸ್ತಕದ ಬದಲು ‘ಮಾಲೆ’ ಎಂದು ಹೆಸರಿಡುವುದರಲ್ಲಿ ಒಂದು ವ್ಯಾಪಾರದ ವಿವೇಕವೂ ಇದೆ. ಮೊದಲನೆಯದನ್ನು ಕೊಂಡವರಿಗೆ ಎರಡನೆಯದು ಬರುತ್ತದೆಂಬ ಸೂಚನೆ ಅದರಲ್ಲೇ ಇರುತ್ತದೆ. ‘ಸುಶೀಲೆ’ ಮತ್ತೆ ಮತ್ತೆ ಅಚ್ಚಾಯಿತು. ಮುಂದೆ ‘ಕರ್ನಾಟಕ ನಂದಿನಿ’, ‘ಸನ್ಮಾರ್ಗದರ್ಶಿನಿ’ ಎಂಬ ಪತ್ರಿಕೆಗಳನ್ನೂ ಅವರು ನಡೆಸಿದರು. ಲೇಖಕಿ, ಪ್ರಕಾಶಕಿ, ಪತ್ರಕರ್ತೆ ಮೂರೂ ಒಬ್ಬರೇ, ಅದೂ ಹೆಣ್ಣುಮಕ್ಕಳ ಶಾಲೆಗಳೇ ವಿರಳವಾಗಿದ್ದಾಗ! ಆದರೂ ನಂತರದ ದಶಕಗಳಲ್ಲಿ ಕನ್ನಡ ನಾಡು ಅವರನ್ನು ಮರೆತೇಬಿಟ್ಟಿತು. 1982ರವರೆಗೆ ಬದುಕಿದ್ದ ಅವರು ಕೊನೆಗಾಲವನ್ನು ಕಳೆದದ್ದು ಮದರಾಸಿನಲ್ಲಿ. ಅವರ ಬದುಕು ಬರಹವನ್ನು ಮತ್ತೆ ಓದುಗರ ಮುಂದೆ ತಂದವರು ವಿಜಯಾ ದಬ್ಬೆಯವರಂಥ ವಿದ್ವಾಂಸರು.

ಸ್ವಂತ ಪ್ರಕಾಶನ ಎಂದರೆ ಪ್ರಕಾಶಕರು ಒಲ್ಲದವರ ಕೊನೆಯ ದಾರಿ ಎಂಬ ಭಾವನೆ ಕಾಲೇಜುಗಳಲ್ಲಿದೆ. ಮಾಸ್ತಿಯವರ ಪುಸ್ತಕಗಳು ಹೊರಬರುತ್ತಿದ್ದದ್ದು ‘ಜೀವನ ಕಾರ್ಯಾಲಯ’ದಿಂದ, ಅವರೇ ನಡೆಸುತ್ತಿದ್ದ ‘ಜೀವನ’ ಪತ್ರಿಕೆಯ ಹೆಸರಿನ ಸಂಸ್ಥೆಯಿಂದ. ಶಿವರಾಮ ಕಾರಂತರು ಪುತ್ತೂರಿನಲ್ಲಿ ಅಚ್ಚಿನ ಕೆಲಸವನ್ನೇ ಕಲಿತು ತಮ್ಮ ಪುಸ್ತಕಗಳನ್ನು ತಾವೇ ಮುದ್ರಿಸಿದರು, ಕೈ ಸುಟ್ಟುಕೊಂಡದ್ದೂ ಉಂಟು. ಇಬ್ಬರಿಗೂ ಜ್ಞಾನಪೀಠ ಬಂತು ಎಂದು ಇಲ್ಲಿ ನೆನಪಿಸಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ಮೈಸೂರಿನ ಆರ್. ಕೆ. ನಾರಾಯಣರಿಗೂ ಎರಡನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಸಂಪರ್ಕ ಕಡಿದಾಗ ಇದೇ ದಾರಿ ಹೊಳೆಯಿತು. 1941ರಲ್ಲಿ ಅವರು ‘ಇಂಡಿಯನ್ ಥಾಟ್’ ಎಂಬ ಪತ್ರಿಕೆ ಹೊರಡಿಸಿದರು. ಅದಕ್ಕೆ ಮದರಾಸು ನಗರವೊಂದರಲ್ಲೇ ಸಾವಿರಕ್ಕೂ ಹೆಚ್ಚು ಚಂದಾದಾರರನ್ನು ಕೂಡಿಸಲು ನೆರವಾದವರು ಅವರ ಸೋದರಮಾವ, ಕಾರು ಮಾರುವ ಉದ್ಯೋಗದಲ್ಲಿದ್ದವರು! ಪತ್ರಿಕೆ ಮೂರೇ ಸಂಚಿಕೆಗೆ ನಿಂತಿತು. ಆದರೆ ಅದೇ ಹೆಸರಿನ ಪ್ರಕಾಶನ ಉಳಿಯಿತು, 1943ರಲ್ಲಿ ‘ಮಾಲ್ಗುಡಿ ಡೇಸ್’ ಬಂದದ್ದು ಅದರಿಂದಲೇ. ಮನೆಯಲ್ಲಿ ಇಂಥ ಒಬ್ಬ ಸೋದರಮಾವ ಇದ್ದರೆ ಹೊಸ ಲೇಖಕ ಪುಣ್ಯವಂತನೇ.

ಪ್ರತಿಗಳ ಲೆಕ್ಕ

ಈಗ ಮತ್ತೆ ಊಟದ ಹೊತ್ತಿನ ಆ ಮಾತಿಗೆ ಬರೋಣ. ಲೆಕ್ಕಕ್ಕೆಂದು ಇಟ್ಟುಕೊಳ್ಳಿ: ಡೆಮಿ ಅಳತೆಯ ಒಂದು ಕಾದಂಬರಿ, 500 ಪ್ರತಿ. ಅಕ್ಷರ ಜೋಡಣೆ, ಕರಡು ತಿದ್ದುವುದು, ಮುಖಪುಟ, ಕಾಗದ, ಮುದ್ರಣ, ಹೊಲಿಗೆ ಎಲ್ಲ ಸೇರಿ 60,000 ರೂಪಾಯಿ. ಪ್ರತಿಯೊಂದಕ್ಕೆ ಬಿದ್ದದ್ದು 120. ಮುಖಬೆಲೆ 200 ಎಂದು ಹಾಕಿದ್ದಾಯಿತು. ಎಂಬತ್ತು ರೂಪಾಯಿ ಲಾಭ ಎಂದು ಮಗ ಕುಣಿಯುತ್ತಾನೆ.

ನಿಲ್ಲಿ, ಅಂಗಡಿಯವರ ಸೋಡಿ ಇದೆ. ನೂರಕ್ಕೆ 35 ಎಂದು ಹಿಡಿದರೆ ಪ್ರತಿಗೆ ಕೈಗೆ ಬರುವುದು 130. ಮುನ್ನುಡಿ ಬರೆದವರಿಗೆ, ಪತ್ರಿಕೆಗಳ ವಿಮರ್ಶೆಗೆ, ಗುರುಗಳಿಗೆ, ನೆಂಟರಿಷ್ಟರಿಗೆ ಎಂದು 50 ಗೌರವ ಪ್ರತಿ ಹೋಗಿಯೇ ಹೋಗುತ್ತವೆ. ಉಳಿದ 450 ಪ್ರತಿಯೂ ಅಂಗಡಿಗಳಲ್ಲೇ, ಒಂದೂ ಬಿಡದೆ ಖರ್ಚಾದರೂ ಬರುವುದು 58,500. ಅಂದರೆ ಪುಸ್ತಕ ಪೂರಾ ಮಾರಾಟವಾಗಿಯೂ 1,500 ರೂಪಾಯಿ ನಷ್ಟ!

ಅದೇ 450ರಲ್ಲಿ 150 ಪ್ರತಿಯನ್ನು ಲೇಖಕನೇ ಕೈಯಿಂದ ಕೈಗೆ, ಪೂರ್ತಿ ಬೆಲೆಗೆ ಮಾರಿದ ಎನ್ನಿ. ಅದರಿಂದ 30,000, ಅಂಗಡಿಯ 300 ಪ್ರತಿಯಿಂದ 39,000. ಒಟ್ಟು 69,000. ಕೈಯಲ್ಲಿ 9,000 ಉಳಿಯಿತು. ಊರೂರಿಗೆ ಈ ಅಂಕಿಗಳು ಬದಲಾಗುತ್ತವೆ, ಬಸ್ ಚಾರ್ಜು, ಅಂಚೆ ಖರ್ಚು ಬೇರೆ ಇದೆ. ಆದರೆ ನಷ್ಟವನ್ನು ಲಾಭದ ಕಡೆಗೆ ವಾಲಿಸುವುದು ಲೇಖಕ ತಾನೇ ಹೊತ್ತು ಮಾರಿದ ಆ ನೂರೈವತ್ತು ಪ್ರತಿಗಳೇ. ಗಳಗನಾಥರ ಗಂಟಿನ ಅರ್ಥಶಾಸ್ತ್ರವೂ ಇದೇ.

ಆ ನೂರೈವತ್ತು ಜನ ಸಿಗುವುದೆಲ್ಲಿ? ಬಿಡುಗಡೆ ಸಮಾರಂಭದಲ್ಲಿ ಎಂದು ಬಹಳ ಮಂದಿ ನಂಬಿದ್ದಾರೆ. ಸಭಾಂಗಣದ ಬಾಡಿಗೆ, ಹಾರ ತುರಾಯಿ, ಶಾಲು, ಫಲತಾಂಬೂಲ, ಉಪ್ಪಿಟ್ಟು ಕೇಸರಿಬಾತು. ಭಾಷಣ ಮಾಡುವವರು ಐದು ಜನ, ಅವರಲ್ಲಿ ಪುಸ್ತಕ ಓದಿಕೊಂಡು ಬಂದವರು ಒಬ್ಬರು. ಸಭಿಕರು ಉಪ್ಪಿಟ್ಟು ಮುಗಿಸಿ, ಬಾಗಿಲ ಬಳಿಯ ಪುಸ್ತಕದ ಮೇಜನ್ನು ಬಳಸಿ ಹೋಗುತ್ತಾರೆ. ಸಮಾರಂಭ ಮಾಡಲೇಬಾರದೆಂದಲ್ಲ. ಅದರ ಖರ್ಚು ಮುದ್ರಣದ ಖರ್ಚಿನ ಕಾಲು ಭಾಗ ಮುಟ್ಟಿತೆಂದರೆ ಅಪ್ಪ ಅಮ್ಮ ಅಡ್ಡಬರುವುದು ನ್ಯಾಯವೇ.

ಅದಕ್ಕಿಂತ ಒಳ್ಳೆಯ ಜಾಗಗಳು ಎಷ್ಟೋ ಇವೆ. ಕಥೆ ನಡೆಯುವ ಊರು ನಿಜವಾದ ಊರಾದರೆ ಮೊದಲು ಅಲ್ಲಿಗೇ ಹೋಗಬೇಕು. ತಮ್ಮ ಊರಿನ ಕೆರೆ, ಜಾತ್ರೆ, ರೈಲು ನಿಲ್ದಾಣ ಪುಸ್ತಕದಲ್ಲಿ ಬಂದಿದೆ ಎಂದರೆ ಎಂದೂ ಕಾದಂಬರಿ ಮುಟ್ಟದವರೂ ಒಂದು ಪ್ರತಿ ತೆಗೆದುಕೊಳ್ಳುತ್ತಾರೆ. ತಾನು ಓದಿದ ಹೈಸ್ಕೂಲು, ಕಾಲೇಜಿನ ಕನ್ನಡ ಸಂಘ, ಊರಿನ ಮಹಿಳಾ ಮಂಡಲ, ಬ್ಯಾಂಕು ಕಾರ್ಖಾನೆಗಳ ಕನ್ನಡ ಬಳಗಗಳು ಕಾರ್ಯಕ್ರಮಕ್ಕೆ ಜನ ಸಿಗದೆ ಹುಡುಕುತ್ತಿರುತ್ತವೆ. ಅಲ್ಲಿ ಹತ್ತು ನಿಮಿಷ ಒಂದು ಅಧ್ಯಾಯ ಓದಿದರೆ ಸಾಕು, ಭಾಷಣ ಬೇಡ. ಅಚ್ಚಿಗೆ ಮೊದಲೇ ರಿಯಾಯಿತಿ ಬೆಲೆಗೆ ಹೆಸರು ಬರೆಸಿಕೊಳ್ಳುವ ಹಳೆಯ ಪದ್ಧತಿಯೂ ಇದೆ. ನೂರು ಜನ ಮುಂಗಡ ಕೊಡದಿದ್ದರೆ ಎಷ್ಟು ಪ್ರತಿ ಹಾಕಿಸಬೇಕೆಂಬುದಕ್ಕೆ ಅದೇ ಉತ್ತರ. ಈಗಂತೂ ಬೇಡಿಕೆಯಿದ್ದಷ್ಟೇ, ಐವತ್ತು ನೂರು ಪ್ರತಿ ಮುದ್ರಿಸುವ ಯಂತ್ರಗಳು ಬಂದಿರುವುದರಿಂದ 500ರ ಹಟ ಹಿಡಿಯಬೇಕಾಗಿಲ್ಲ. ಪ್ರತಿಯೊಂದರ ವೆಚ್ಚ ಸ್ವಲ್ಪ ಏರುತ್ತದೆ, ಆದರೆ ಮಂಚದ ಕೆಳಗೆ ಗೆದ್ದಲಿಗೆ ಆಹಾರವಾಗುವ ಕಟ್ಟುಗಳು ಇರುವುದಿಲ್ಲ.

ಪತ್ರಿಕೆಗಳಿಗೆ ವಿಮರ್ಶೆಗೆಂದು ಕಳಿಸಿದ ಪುಸ್ತಕ ಬಹುಮಟ್ಟಿಗೆ ‘ಸಾದರ ಸ್ವೀಕಾರ’ದ ಒಂದು ಸಾಲಿನಲ್ಲಿ ಮುಗಿಯುತ್ತದೆ. ಆ ಸಾಲಿನಲ್ಲಿ ಸಿಗುವ ವಿಳಾಸ, ಬೆಲೆ ಸರಿಯಾಗಿರುವಂತೆ ನೋಡಿಕೊಂಡರೆ ಅದರಿಂದಲೂ ನಾಲ್ಕು ಜನ ಕೇಳಿಕೊಂಡು ಬರುತ್ತಾರೆ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ನೆಚ್ಚಿಕೊಂಡೇ ಎಷ್ಟೋ ಕನ್ನಡ ಪುಸ್ತಕಗಳು ಅಚ್ಚಾಗುತ್ತವೆ. ಆಯ್ಕೆಯಾದರೆ ಒಮ್ಮೆಗೇ ಒಂದು ಕಟ್ಟು ಪ್ರತಿ ಖರ್ಚಾಗುತ್ತದೆ ಎಂಬುದು ನಿಜ. ಆದರೆ ಬೆಲೆ ಮುಖಬೆಲೆಯಲ್ಲ, ಪುಟಕ್ಕಿಷ್ಟು ಎಂದು ಇಲಾಖೆ ಕಟ್ಟಿದ್ದು. ಆಯ್ಕೆ ಖಂಡಿತವೂ ಅಲ್ಲ, ಹಣ ಕೈಸೇರಲು ಕಾಲವೂ ಹಿಡಿಯುತ್ತದೆ. ಅದನ್ನು ನಂಬಿ ಸಾಲ ಎತ್ತುವುದು ಬುದ್ಧಿವಂತಿಕೆಯಲ್ಲ.

ಹಣ ಕೇಳುವ ‘ಪ್ರಕಾಶಕರು’

ತಂದೆತಾಯಿಗಳು ಎಚ್ಚರವಾಗಿರಬೇಕಾದ ಇನ್ನೊಂದು ಕಡೆ ಇದೆ. ಹಸ್ತಪ್ರತಿ ತಲುಪಿದ ಎರಡೇ ದಿನಕ್ಕೆ ‘ನಿಮ್ಮ ಕೃತಿ ಅದ್ಭುತವಾಗಿದೆ, ಆಯ್ಕೆಯಾಗಿದೆ’ ಎಂದು ಬರೆದು, ಮೂರನೆಯ ದಿನ ಇಷ್ಟು ಸಾವಿರ ಕಟ್ಟಿ ಎನ್ನುವ ಸಂಸ್ಥೆಗಳು ಎಲ್ಲ ಭಾಷೆಗಳಲ್ಲೂ ಇವೆ. ಇನ್ನೂರೈವತ್ತು ಪುಟವನ್ನು ಎರಡು ದಿನದಲ್ಲಿ ಓದಿ ಮೆಚ್ಚಿದರೇ ಎಂದು ಕೇಳಿಕೊಂಡರೆ ಅರ್ಧ ಸಂಶಯ ಅಲ್ಲೇ ಬಗೆಹರಿಯುತ್ತದೆ. ಹಣ ಪಡೆದು ಅಚ್ಚು ಹಾಕಿಕೊಡುವುದು ತಪ್ಪೇನಲ್ಲ, ಅದು ಮುದ್ರಣಾಲಯದ ಕೆಲಸ. ಅದನ್ನು ‘ಆಯ್ಕೆ’ ಎಂದು ಕರೆದು, ಪ್ರತಿಗಳನ್ನೂ ಹಕ್ಕನ್ನೂ ತಮ್ಮ ಬಳಿಯೇ ಇಟ್ಟುಕೊಳ್ಳುವುದು ತಪ್ಪು. ಎಷ್ಟು ಪ್ರತಿ ಮುದ್ರಿಸುತ್ತಾರೆ, ಉಳಿದವು ಯಾರವು, ಮಾರಾಟದ ಲೆಕ್ಕ ಯಾವಾಗ ಕೊಡುತ್ತಾರೆ, ಎರಡನೆಯ ಮುದ್ರಣಕ್ಕೆ ಯಾರ ಒಪ್ಪಿಗೆ ಬೇಕು, ಈ ನಾಲ್ಕನ್ನು ಬರಹದಲ್ಲಿ ಕೇಳಬೇಕು. ಐಎಸ್‌ಬಿಎನ್ ಸಂಖ್ಯೆ ಕೊಡಿಸುತ್ತೇವೆ ಎಂದು ದೊಡ್ಡ ಮೊತ್ತ ಹೇಳಿದರೆ ನಗಬಹುದು. ಭಾರತದಲ್ಲಿ ಅದನ್ನು ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಲೇಖಕರಿಗೂ ಉಚಿತವಾಗಿಯೇ ಕೊಡುತ್ತದೆ. ಕೃತಿಸ್ವಾಮ್ಯವನ್ನಂತೂ ಯಾರೂ ಕೊಡಿಸಬೇಕಾಗಿಲ್ಲ. 1957ರ ಕಾಯಿದೆಯಂತೆ ಬರೆದ ಕ್ಷಣದಿಂದ ಅದು ಬರೆದವರದೇ, ಅವರು ತೀರಿಕೊಂಡ ಮೇಲೂ 60 ವರ್ಷ ವಾರಸುದಾರರದು.

ಹೊಟ್ಟೆಪಾಡು

ಇಷ್ಟಾದ ಮೇಲೆ ಅಮ್ಮನ ಪ್ರಶ್ನೆ ಉಳಿಯುತ್ತದೆ: “ಬರೆಯೋದು ಸರಿ ಕಣೋ, ಹೊಟ್ಟೆಗೆ?” ಕನ್ನಡದಲ್ಲಿ ಬರಿಯ ಲೇಖನಿಯಿಂದ ಸಂಸಾರ ಸಾಗಿಸಿದವರಿಲ್ಲವೆಂದಲ್ಲ. ಅ.ನ.ಕೃ. ಹಾಗೆ ಬದುಕಿದವರು. ಆದರೆ ಅದಕ್ಕಾಗಿ ಅವರು ನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆಯಬೇಕಾಯಿತು. ಮಾಸ್ತಿ ಮೈಸೂರು ಸಂಸ್ಥಾನದಲ್ಲಿ ಅಧಿಕಾರಿ. ಭೈರಪ್ಪನವರು ತತ್ತ್ವಶಾಸ್ತ್ರದ ಅಧ್ಯಾಪಕರು. ತೇಜಸ್ವಿಯವರಿಗೆ ಮೂಡಿಗೆರೆಯ ಕಾಫಿ ತೋಟವಿತ್ತು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಕನ್ನಡದ ಕಥೆಗಳಿಗೆ ತಂದುಕೊಟ್ಟ ಬಾನು ಮುಷ್ತಾಕ್ ಹಾಸನದಲ್ಲಿ ವಕೀಲರು. ಇವರಾರೂ ಉದ್ಯೋಗವನ್ನು ಬರವಣಿಗೆಯ ಶತ್ರು ಎಂದು ತಿಳಿಯಲಿಲ್ಲ. ಕೋರ್ಟು, ತೋಟ, ಪಾಠ, ಕಚೇರಿ ಇಲ್ಲದಿದ್ದರೆ ಅವರ ಪುಸ್ತಕಗಳಲ್ಲಿ ಅಷ್ಟು ಜನ ಬರುತ್ತಲೂ ಇರಲಿಲ್ಲವೇನೋ. ಪದವಿ ಬಿಟ್ಟು ಕಾದಂಬರಿ ಬರೆಯುತ್ತೇನೆ ಎಂದು ಹೊರಟ ಮಗನಿಗೆ ಇದನ್ನು ಹೇಳಬಹುದು. ಹಾಗೆಯೇ, ಕಾದಂಬರಿ ಬಿಟ್ಟು ಪದವಿ ಮಾತ್ರ ಓದು ಎನ್ನುವ ಅಪ್ಪನಿಗೂ ವೆಂಕಟಕೃಷ್ಣ ಅಯ್ಯಂಗಾರ್ಯರ ಹೆಸರು ಹೇಳಬಹುದು.

ಅವಸರಪಡುವವರಿಗೆ ಇನ್ನೊಂದು ಸಂಗತಿ. ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರ ಪ್ರೋತ್ಸಾಹಧನ ಕೊಡುವ ಯೋಜನೆಯಿದೆ. ಅರ್ಜಿ ಕರೆಯುವ ಪ್ರಕಟಣೆ ಪತ್ರಿಕೆಗಳಲ್ಲಿ ಬರುತ್ತದೆ. ಅದು ಮೊದಲ ಪುಸ್ತಕಕ್ಕೆ ಮಾತ್ರ, ಅರ್ಜಿಯೊಂದಿಗೆ ಕಳಿಸಬೇಕಾದದ್ದು ಹಸ್ತಪ್ರತಿ. ಸಾಲ ಮಾಡಿ ಮೊನ್ನೆಯೇ ಅಚ್ಚು ಹಾಕಿಸಿ ಮುಗಿಸಿದವರು ಆ ಅರ್ಜಿಯನ್ನು ತುಂಬುವಂತಿಲ್ಲ.